ಬಿಟ್ಟರೂ ಬೀಳದ ವಿಮಾನ

ನಾನು ದಿನವೂ ಬೆಳಿಗ್ಗೆ ಕಾಫಿಗೂ ಸ್ನಾನಕ್ಕೂ ನಡುವೆ ಒಂದು ಸಲ ಸಾಯುತ್ತೇನೆ. ಹೆಚ್ಚಾಗಿ ಸಮುದ್ರದ ಮೇಲೆ, ಕೆಲವೊಮ್ಮೆ ಯಾವುದೋ ದೇಶದ ಗೋಧಿ ಹೊಲದಲ್ಲಿ. ನನ್ನನ್ನು ಕೊಲ್ಲುವವನ ಮುಖವನ್ನು ಇದುವರೆಗೂ ನೋಡಿಲ್ಲ. ಅವನು ಯಾವಾಗಲೂ ಬೆನ್ನ ಹಿಂದಿನಿಂದ, ಸೂರ್ಯನಿರುವ ಕಡೆಯಿಂದಲೇ ಬರುತ್ತಾನೆ. ಟಕಟಕ ಎಂದು ಸದ್ದಾಗುತ್ತದೆ, ರೆಕ್ಕೆಗೆ ಬೆಂಕಿ ಹತ್ತುತ್ತದೆ, ಪರದೆ ಕೆಂಪಗಾಗುತ್ತದೆ. ಅಷ್ಟರಲ್ಲಿ ಅಡುಗೆಮನೆಯಿಂದ "ನೀರು ಕಾದೈತೆ, ಎದ್ದೇಳಿ" ಎಂಬ ಕೂಗು ಬರುತ್ತದೆ. ಸತ್ತ ಕೂಡಲೇ ಬಿಸಿನೀರಿನ ಸ್ನಾನ ಸಿಗುವ ಭಾಗ್ಯ ನಿಜವಾದ ಯುದ್ಧದ ಪೈಲಟ್‌ಗಳಿಗೆ ಇದ್ದಿರಲಾರದು.

ಅರವತ್ತು ದಾಟಿದ, ಜೀವಮಾನವಿಡೀ ಗೋಣಿಕೊಪ್ಪಲಿನ ಕಾಲೇಜಿನಲ್ಲಿ ಹಳಗನ್ನಡ ಪಾಠ ಮಾಡಿದ, ಬಸ್ಸಿನ ಕಿಟಕಿ ಪಕ್ಕ ಕೂತರೂ ವಾಂತಿ ಬರುವ ಮನುಷ್ಯನೊಬ್ಬ ಯುದ್ಧವಿಮಾನ ಏಕೆ ಹಾರಿಸುತ್ತಿದ್ದಾನೆ ಎಂದು ನೀವು ಕೇಳಬಹುದು. ನನ್ನ ಹೆಂಡತಿಯೂ ಕೇಳಿದ್ದಾಳೆ. ಅದಕ್ಕೆ ಉತ್ತರ ಒಂದು ಮೆಣಸಿನ ಬಳ್ಳಿಯಿಂದ ಶುರುವಾಗುತ್ತದೆ.

ಅಮ್ಮತ್ತಿಯಿಂದ ಸ್ವಲ್ಪ ಆಚೆ, ಸಿದ್ದಾಪುರದ ರಸ್ತೆಯಲ್ಲಿ ನಮ್ಮದೊಂದು ಕಾಫಿ ತೋಟ ಇದೆ. ಎಸ್ಟೇಟ್ ಎಂದರೆ ದೊಡ್ಡ ಮಾತಾಯಿತು. ನಿಜವಾದ ಎಸ್ಟೇಟಿನವರು ನೋಡಿದರೆ ಹಿತ್ತಲು ಅಂದಾರು. ಆಳುಗಳಿಗೆ ಲೈನ್ ಮನೆಗಳಿಲ್ಲ, ಲೆಕ್ಕ ಬರೆಯಲು ರೈಟರ್ ಇಲ್ಲ. ರೈಟರೂ ನಾನೇ, ರೈಟರನ್ನು ಬೈಯುವ ಯಜಮಾನನೂ ನಾನೇ. ಕಳೆದ ಮೆಣಸಿನ ಕಾಲದಲ್ಲಿ, ಬಳ್ಳಿ ಹಬ್ಬಿಸಿದ್ದ ಸಿಲ್ವರ್ ಮರದ ತುದಿಯಲ್ಲಿ ಒಂದಿಷ್ಟು ಗೊಂಚಲು ಉಳಿದುಹೋಗಿದ್ದವು. ಕುಯ್ಯುವವರು ಊಟಕ್ಕೆ ಕೂತಿದ್ದರು. ನಮ್ಮ ಕಡೆ ಮೆಣಸು ಕುಯ್ಯುವ ಏಣಿ ಎಂದರೆ ಒಂದೇ ಒಂದು ಬಿದಿರು. ಗಿಣ್ಣುಗಳಲ್ಲಿ ಕಾಲಿಡುವಷ್ಟು ಮೋಟು ಬಿಟ್ಟು ಉಳಿದ ಕೊಂಬೆ ಸವರಿರುತ್ತಾರೆ. ಅದನ್ನು ಮರಕ್ಕೆ ಕಟ್ಟಿ ಹತ್ತಬೇಕು. ನಾನು ಹತ್ತಿದೆ, ಕಟ್ಟಲು ಮರೆತಿದ್ದೆ. ಭೂಮಿಗೆ ನನ್ನ ಮೇಲೆ ಎಷ್ಟು ಸೆಳೆತವಿದೆ ಎನ್ನುವುದು ಆವತ್ತು ತಿಳಿಯಿತು. ಬಲ ಮೊಣಕೈ ಮುರಿಯಿತು. ಮೂಳೆ ಕೂಡಿಕೊಂಡ ಮೇಲೂ ಕೈಯ ನರ ಮಾತ್ರ ಮುನಿಸಿಕೊಂಡೇ ಇತ್ತು. ಲೋಟ ಹಿಡಿದರೆ ಜಾರುತ್ತಿತ್ತು, ಪೆನ್ನು ಹಿಡಿದರೆ ನನ್ನ ಸಹಿ ನನಗೇ ಬೇರೆ ಯಾರದೋ ಅನ್ನಿಸುತ್ತಿತ್ತು.

ಆಗಿನಿಂದ ನನ್ನ ಹೆಂಡತಿ ಸುಮಿತ್ರೆ ನನ್ನ ಬಲಗೈಯಾದಳು. ಇದನ್ನು ಮಾತಿನ ಅಲಂಕಾರ ಎಂದು ತಿಳಿಯಬೇಡಿ. ಬ್ರಷ್ಷಿಗೆ ಪೇಸ್ಟ್ ಹಚ್ಚುವುದು, ಅಂಗಿಯ ಗುಂಡಿ ಹಾಕುವುದು, ಅನ್ನ ಕಲಸಿ ಇಡುವುದು ಎಲ್ಲ ಅವಳೇ. ಕಿತ್ತಳೆ ಹಣ್ಣು ಸುಲಿದು, ಪ್ರತಿ ತೊಳೆಯ ಮೇಲಿನ ಬಿಳಿ ನಾರನ್ನೂ ಬಿಡಿಸಿ, ಬೀಜ ತೆಗೆದು ತಟ್ಟೆಯಲ್ಲಿ ಜೋಡಿಸಿ ಕೊಡುತ್ತಿದ್ದಳು. ನಾನು ಬಾತ್‌ರೂಮಿಗೆ ಹೋದರೆ ಬಾಗಿಲ ಹೊರಗೆ ನಿಂತು "ಚಿಲಕ ಹಾಕ್ಬೇಡಿ" ಅನ್ನುತ್ತಿದ್ದಳು. ಜೀಪು ಓಡಿಸುವುದೆಂದರೆ ಅವಳಿಗೆ ಮೊದಲಿನಿಂದಲೂ ಆಗದು. ಶನಿವಾರಸಂತೆಯ ತೌರಿಗೆ ಹೋಗುವಾಗಲೂ ಬಸ್ಸೇ ವಾಸಿ ಅನ್ನುವವಳು. ಲೈಸೆನ್ಸ್ ಮಾತ್ರ ಇತ್ತು. ಈಗ ಸೆರಗು ಸಿಕ್ಕಿಸಿಕೊಂಡು ಜೀಪಿಗೂ ಅವಳೇ ಹತ್ತಿದಳು. ಎರಡನೇ ಗೇರಿನಲ್ಲಿ ಹೊರಟು ಎರಡನೇ ಗೇರಿನಲ್ಲೇ ಊರು ಮುಟ್ಟುತ್ತಿದ್ದೆವು. ಪಕ್ಕದಲ್ಲಿ ನಾನು ಗಂಟು ಮೂಟೆಯ ಹಾಗೆ ಕೂತಿರುತ್ತಿದ್ದೆ. ದಾರಿಯಲ್ಲಿ ಸಿಕ್ಕವರು "ಹೆಂಗಿದಾರೆ ಮೇಷ್ಟ್ರು?" ಎಂದು ಅವಳನ್ನು ಕೇಳುತ್ತಿದ್ದರು, ನಾನು ಅಲ್ಲೇ ಇದ್ದರೂ.

ಗೋಣಿಕೊಪ್ಪಲಿನ ಫಿಸಿಯೋಥೆರಪಿಯ ಹೆಣ್ಣುಮಗಳು ಹಿಸುಕುವುದಕ್ಕೆಂದು ಒಂದು ರಬ್ಬರ್ ಚೆಂಡು ಕೊಟ್ಟಿದ್ದಳು. ರಬ್ಬರ್ ಚೆಂಡು ಹಿಸುಕುವುದರಲ್ಲಿ ರಸವಿಲ್ಲ. ನಾನು ಅದನ್ನು ಅಲ್ಲಲ್ಲಿ ಮರೆಯತೊಡಗಿದೆ. ಕಡೆಗೆ ನಮ್ಮ ನಾಯಿ ಅದನ್ನು ತನ್ನದೆಂದು ತೀರ್ಮಾನಿಸಿತು. ಆಗ ನೆರವಿಗೆ ಬಂದವರು ಪಕ್ಕದ ತೋಟದ ಪೊನ್ನಪ್ಪ. ಅವರು ವಾಯುಸೇನೆಯಲ್ಲಿ ಎಂಜಿನ್ ರಿಪೇರಿಯಲ್ಲಿದ್ದವರು. ಸರ್ವೀಸಿನಲ್ಲಿ ಇದ್ದಷ್ಟು ಕಾಲವೂ ಬೇರೆಯವರು ಹಾರಿಸಿದ ವಿಮಾನವನ್ನು ಇವರು ಕೆಳಗೆ ನಿಂತು ನೋಡಬೇಕಾಯಿತಂತೆ. ಆ ಬಾಕಿಯನ್ನೆಲ್ಲ ಈಗ ಕಂಪ್ಯೂಟರಿನಲ್ಲಿ ತೀರಿಸಿಕೊಳ್ಳುತ್ತಿದ್ದಾರೆ. ಊಟವಾದ ಮೇಲೆ ಅವರ ಮನೆಯ ಕಡೆಯಿಂದ ಮಹಾಯುದ್ಧದ ಸದ್ದು ಬರುತ್ತದೆ. "ಆ ಚೆಂಡು ಬಿಸಾಕಿ ಮೇಷ್ಟ್ರೇ, ಇದು ಹಿಡೀರಿ" ಎಂದು ತಮ್ಮ ಹಳೆಯ ಜಾಯ್‌ಸ್ಟಿಕ್ಕನ್ನು ನನ್ನ ಮೇಜಿಗೆ ತಂದು ಕೂರಿಸಿ, ಆಟವನ್ನೂ ಕಂಪ್ಯೂಟರಿಗೆ ಹಾಕಿ ಹೋದರು. ಅದರ ಕೋಲಿನೊಳಗೆ ಸ್ಪ್ರಿಂಗ್ ಇದೆ. ಯಾವ ಕಡೆ ತಳ್ಳಿದರೂ ತಾನೇ ನಡುವಿಗೆ ಬರಲು ನೋಡುತ್ತದೆ. ಅದನ್ನು ಮಣಿಸಿ ಹಿಡಿಯುವುದೇ ಕೈಗೆ ವ್ಯಾಯಾಮ ಎಂದು ಫಿಸಿಯೋಥೆರಪಿಯವಳೂ ಒಪ್ಪಿದಳು. ಹೀಗೆ ನಾನು ವೈದ್ಯಕೀಯ ಕಾರಣಗಳಿಗಾಗಿ ಯುದ್ಧಕ್ಕಿಳಿದೆ.

ಮೊದಮೊದಲು ನನಗೆ ತಿಳಿದಿದ್ದು ಒಂದೇ ವಿದ್ಯೆ, ಆಟೋಪೈಲಟ್. ಒಂದು ಕೀಲಿ ಒತ್ತಿದರೆ ಸಾಕು, ವಿಮಾನ ನೆಟ್ಟಗೆ ಸಮನಾಗಿ ಹೋಗುತ್ತದೆ. ಕೋಲು ಮುಟ್ಟಬೇಕಾಗಿಲ್ಲ. ಎಡಗೈಯಲ್ಲಿ ಕಾಫಿ ಹಿಡಿದು ಕೆಳಗಿನ ನದಿ, ಚರ್ಚು, ದನ ಇಲ್ಲದ ಹುಲ್ಲುಗಾವಲು ಎಲ್ಲ ನೋಡುತ್ತಾ ಕೂರುತ್ತಿದ್ದೆ. ಮೇಲಿನಿಂದ ನೋಡಿದರೆ ಯಾರ ದೇಶವಾದರೂ ಚೆನ್ನಾಗಿಯೇ ಕಾಣುತ್ತದೆ. ಆದರೆ ಆಟೋಪೈಲಟ್ಟಿಗೆ ಶತ್ರು ಎಂಬುದು ಗೊತ್ತಿಲ್ಲ. ನೆಟ್ಟಗೆ ಹೋಗು ಅಂದಿದ್ದಾರೆ, ನೆಟ್ಟಗೆ ಹೋಗುತ್ತದೆ. ಹಿಂದೆ ಒಬ್ಬ ಬಂದು ಗುರಿಯಿಟ್ಟರೂ ಅದು ಪಂಕ್ತಿಯಲ್ಲಿ ಊಟಕ್ಕೆ ಕೂತ ಹಿರಿಯರ ಹಾಗೆ ಅತ್ತಿತ್ತ ನೋಡುವುದಿಲ್ಲ. ಗಾಬರಿಯಲ್ಲಿ ನಾನು ಕೋಲು ಎಳೆದರೂ ಕೇಳುವುದಿಲ್ಲ, ಏಕೆಂದರೆ ಅಧಿಕಾರ ನನ್ನಲ್ಲಿಲ್ಲ. ಕೀಲಿಯನ್ನು ಹುಡುಕಿ ಅಧಿಕಾರ ವಾಪಸು ಪಡೆಯುವಷ್ಟರಲ್ಲಿ ಸ್ನಾನದ ನೀರು ಕಾದಿರುತ್ತಿತ್ತು.

ಒಂದು ದಿನ ಹೀಗೆ ಬಿದ್ದ ಮೇಲೆ ಟವೆಲ್ ಹೆಗಲಿಗೆ ಹಾಕಿಸಿಕೊಂಡು ಹೋಗುವಾಗ ನನಗೆ ಹೊಳೆಯಿತು, ನಾನು ಮನೆಯಲ್ಲೂ ಆಟೋಪೈಲಟ್ಟಿನಲ್ಲೇ ಇದ್ದೇನೆ. ಬಚ್ಚಲಿಗೆ, ತಟ್ಟೆಗೆ, ಹಾಸಿಗೆಗೆ ಸಮನಾಗಿ, ಕುಲುಕದೆ ಸಾಗುತ್ತಿದ್ದೇನೆ. ಯಾರೂ ಗುಂಡು ಹಾರಿಸುವುದಿಲ್ಲ. ಎಲ್ಲರೂ ಒಳ್ಳೆಯವರೇ, ಅದೇ ದೊಡ್ಡ ತೊಂದರೆ. ಕೆಟ್ಟವರ ಮೇಲಾದರೆ ರೇಗಬಹುದು. ಕಿತ್ತಳೆಯ ನಾರು ಬಿಡಿಸಿ ಕೊಡುವವಳ ಮೇಲೆ ಹೇಗೆ ರೇಗುವುದು? ನಾನು ಒಳಗೊಳಗೇ ರೇಗುತ್ತಿದ್ದೆ. ಹೊರಗೆ ಹಣ್ಣು ತಿನ್ನುತ್ತಿದ್ದೆ.

ಇರಲಿ. ಆಟೋಪೈಲಟ್ ಬಿಟ್ಟು ಕೋಲು ಹಿಡಿದು ಹಾರಿಸುವುದನ್ನು ಕಲಿಯತೊಡಗಿದೆ. ಇಲ್ಲಿ ನಾನೊಂದು ತಪ್ಪು ಮಾಡಿದೆ. ಅದನ್ನು ಮಾಡಲು ಕೊಡಗಿನವನೇ ಆಗಬೇಕು, ಮನೆಯಲ್ಲೊಂದು ಹಳೆ ಜೀಪೂ ಇರಬೇಕು. ವಿಮಾನದ ವೇಗ ಏರಿದ ಹಾಗೆಲ್ಲ ಅದರ ಮೂತಿ ಮೇಲಕ್ಕೇಳುತ್ತಿತ್ತು, ಒಂದು ರೆಕ್ಕೆ ಎಡಕ್ಕೆ ವಾಲುತ್ತಿತ್ತು. ನಾನು ಕೋಲನ್ನು ಮುಂದಕ್ಕೂ ಬಲಕ್ಕೂ ಒತ್ತಿ ಹಿಡಿಯುತ್ತಿದ್ದೆ. ಬಿಟ್ಟರೆ ಮತ್ತೆ ಏಳುತ್ತಿತ್ತು, ಮತ್ತೆ ಒತ್ತುತ್ತಿದ್ದೆ. ಬೇರೆ ಯಾರಾದರೂ ಆಗಿದ್ದರೆ ಏನೋ ಎಡವಟ್ಟಾಗಿದೆ ಎಂದು ಕೇಳುತ್ತಿದ್ದರು. ನನಗೆ ಅದು ಎಡವಟ್ಟು ಅನ್ನಿಸಲೇ ಇಲ್ಲ. ಏಕೆಂದರೆ ನಮ್ಮ ಜೀಪು ಕೊಂಡಾಗಿನಿಂದ ಎಡಕ್ಕೆ ಎಳೆಯುತ್ತದೆ.

ನಮ್ಮಲ್ಲಿ ಪ್ರತಿ ಜೀಪಿಗೂ ಹೀಗೊಂದು ಸ್ವಭಾವವಿದೆ. ಒಂದು ಎಡಕ್ಕೆ ಎಳೆಯುತ್ತದೆ, ಇನ್ನೊಂದು ಇಳಿಜಾರಿನಲ್ಲಿ ಗೇರಿನಿಂದ ಜಾರುತ್ತದೆ, ಮತ್ತೊಂದಕ್ಕೆ ಬ್ರೇಕನ್ನು ಮೊದಲು ಎರಡು ಸಲ ತುಳಿದು ಪೀಠಿಕೆ ಹಾಕಬೇಕು. ಮದುವೆ ಮನೆಗಳಲ್ಲಿ ಗಂಡಸರು ಗುಂಪಾಗಿ ನಿಂತಿದ್ದರೆ ಅವರು ರಾಜಕೀಯ ಮಾತಾಡುತ್ತಿದ್ದಾರೆ ಎಂದುಕೊಳ್ಳಬೇಡಿ, ತಂತಮ್ಮ ಜೀಪಿನ ರೋಗ ಹೇಳಿಕೊಳ್ಳುತ್ತಿರುತ್ತಾರೆ. ಆ ಮಾತಿನಲ್ಲಿ ದೂರಿಗಿಂತ ಹೆಮ್ಮೆಯೇ ಹೆಚ್ಚು. ರಿಪೇರಿ ಮಾತ್ರ ಯಾರೂ ಮಾಡಿಸುವುದಿಲ್ಲ. ಎಡಕ್ಕೆ ಎಳೆಯುವುದನ್ನು ಬಲಕ್ಕೆ ಹಿಡಿದುಕೊಂಡು ಹೋಗುವುದನ್ನೇ ನಾವು ಡ್ರೈವಿಂಗ್ ಅನ್ನುವುದು. ಆದ್ದರಿಂದ ಈ ವಿಮಾನದ ಗುಣವೇ ಹೀಗೆ ಎಂದು ಒಪ್ಪಿಕೊಂಡು, ದಿನವೂ ಬೆಳಿಗ್ಗೆ ಹಲ್ಲು ಕಚ್ಚಿ ಕೋಲು ಒತ್ತಿ ಹಿಡಿಯುತ್ತಿದ್ದೆ. ಕೈ ಸೋತು, ತೋಳು ಊದಿ, ಫಿಸಿಯೋಥೆರಪಿಯವಳು "ಎಂತ ಸಾರ್ ಇದು? ಗದ್ದೆ ಕೊಚ್ಚುದಕ್ಕೆ ಹೋಗಿದ್ರಾ?" ಎಂದು ಕೇಳುವ ಹಾಗಾಯಿತು.

ಪೊನ್ನಪ್ಪ ಒಂದು ದಿನ ಬಂದು ಹಿಂದೆ ನಿಂತು ನೋಡಿದರು. ನನ್ನ ಕುತ್ತಿಗೆಯ ನರ ಉಬ್ಬಿದ್ದು ಕಂಡು ಅವರಿಗೆ ನಗು ತಡೆಯಲಾಗಲಿಲ್ಲ.

"ಅಯ್ಯೋ ಮೇಷ್ಟ್ರೇ, ಟ್ರಿಮ್ ಮಾಡುದೇ ಇಲ್ವಾ ನೀವು? ಇಷ್ಟು ದಿನ ಹೀಗೇ ಹಿಡ್ಕೊಂಡಿದ್ರಾ?"

"ಹಿಡೀದೆ ಇನ್ನೇನು? ಬಿಟ್ಟರೆ ಬೀಳುತ್ತಲ್ಲ!"

"ಅದಕ್ಕೇ ಅಲ್ವಾ ಟ್ರಿಮ್ ಇರುದು!"

ಅವರು ಹೇಳಿಕೊಟ್ಟದ್ದು ಇಷ್ಟು. ವಿಮಾನದ ಬಾಲದಲ್ಲಿ ಅಂಗೈಯಷ್ಟು ಅಗಲದ ಒಂದು ಪಟ್ಟಿ ಇರುತ್ತದೆ. ಪೈಲಟ್ಟಿನ ಪಕ್ಕದಲ್ಲಿ ಅದಕ್ಕೊಂದು ಸಣ್ಣ ಚಕ್ರ. ಚಕ್ರ ತಿರುಗಿಸಿದರೆ ಪಟ್ಟಿ ಒಂದಿಷ್ಟು ಬಾಗುತ್ತದೆ. ನೀವು ಕೈಯಲ್ಲಿ ಹೊತ್ತಿದ್ದ ಒತ್ತಡವನ್ನು ಆಗ ಗಾಳಿಯೇ ಹೊರುತ್ತದೆ. ನಮ್ಮ ಆಟದಲ್ಲಿ ಚಕ್ರದ ಬದಲು ಕೋಲಿನ ತುದಿಯಲ್ಲೊಂದು ಗುಬಟು, ಹೆಬ್ಬೆರಳಿಗೆ ಸಿಗುವ ಗುಂಡಿ. ಆದರೆ ಇದಕ್ಕೊಂದು ಕ್ರಮವಿದೆ. ಮೊದಲು ಮೂತಿಯನ್ನು ಬೇಕಾದ ಕಡೆ ಕೈಯಿಂದಲೇ ಹಿಡಿದು ನಿಲ್ಲಿಸಬೇಕು. ಹಿಡಿದುಕೊಂಡೇ ಟ್ರಿಮ್ಮನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಬೇಕು. ಕೈಗೆ ಭಾರ ಇಳಿದ ಹಾಗೆ ಮೆಲ್ಲಗೆ ಸಡಿಲಿಸಬೇಕು. ಒಂದೇ ಸಲಕ್ಕೆ ಬಿಟ್ಟರೆ ವಿಮಾನ ಕುದುರೆಯ ಹಾಗೆ ನೆಗೆಯುತ್ತದೆ. ವೇಗ ಬದಲಾದರೆ ಮತ್ತೆ ಮೊದಲಿನಿಂದ. ನಾನು ಹಾಗೇ ಮಾಡಿದೆ. ಕೋಲು ಕೈಯಲ್ಲಿ ಹಗುರಾಯಿತು. ಎರಡು ಬೆರಳಿನಲ್ಲಿ ಹಿಡಿದೆ. ಆ ದುರ್ಬಲ ಎರಡು ಬೆರಳಿನ ಮಾತನ್ನು ಇಡೀ ವಿಮಾನ ಕೇಳಿತು. ಎಷ್ಟೋ ತಿಂಗಳ ಮೇಲೆ ನನ್ನ ಕೈ ಹೇಳಿದ್ದನ್ನು ಏನೋ ಒಂದು ಕೇಳಿತಲ್ಲ ಎಂದು ನನಗೆ ಅಳುವಷ್ಟು ಸಂತೋಷವಾಯಿತು. ಪೊನ್ನಪ್ಪ ಇದ್ದುದರಿಂದ ಅಳಲಿಲ್ಲ.

ಆಮೇಲೆ ಹಲವು ದಿನ ನನಗೆ ಟ್ರಿಮ್ಮಿನದೇ ಧ್ಯಾನ. ಇದು ನಮಗೆ ಹೊಸದೇನಲ್ಲ ಅನ್ನಿಸತೊಡಗಿತು. ನನ್ನ ಅಪ್ಪ ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಗದ್ದೆ ಮಾಡಿದವರು. ನೇಗಿಲು ಹೂಡುವಾಗ ಅವರು ಅದರ ಉದ್ದನೆಯ ಮರದ, ಅಂದರೆ ಈಸಿನ, ಮೇಲೆ ನೊಗ ಕಟ್ಟುವ ಜಾಗವನ್ನು ನಾಲ್ಕು ಬೆರಳು ಹಿಂದಕ್ಕೋ ಮುಂದಕ್ಕೋ ಸರಿಸಿ ನೋಡುತ್ತಿದ್ದರು. ಅದು ಸರಿಯಿಲ್ಲದಿದ್ದರೆ ನೇಗಿಲು ಒಂದೋ ಮಣ್ಣಿಗೆ ಮೂತಿ ಹಾಕುತ್ತದೆ, ಇಲ್ಲವೇ ಮೇಲೆಮೇಲೇ ತೇಲುತ್ತದೆ. ಆಗ ಹಿಡಿಕೆಯನ್ನು, ಅಂದರೆ ಮೇಣಿಯನ್ನು, ಇಡೀ ದಿನ ಒತ್ತಿಯೋ ಎತ್ತಿಯೋ ಹಿಡಿಯಬೇಕು. ಸರಿಯಾಗಿ ಕಟ್ಟಿದರೆ ಮೇಣಿಯ ಮೇಲೆ ಬರೀ ಕೈ ಇಟ್ಟುಕೊಂಡು ಹಾಡು ಹೇಳುತ್ತಾ ಉಳಬಹುದು. ಇದಕ್ಕೆಲ್ಲ ಕನ್ನಡದಲ್ಲಿ ಹದ ಎಂಬ ಮಾತಿದೆ. ಮಣ್ಣಿಗೂ ಹದ, ಮಾತಿಗೂ ಹದ, ಕಣದಲ್ಲಿ ಒಣಗುವ ಕಾಫಿಗೂ ಹದ. ಟ್ರಿಮ್ಮನ್ನು ಹದವೆಂದು ಕನ್ನಡಿಸಬಹುದು ಎಂದು ಪೊನ್ನಪ್ಪನವರಿಗೆ ಹೇಳಿದೆ. ಅವರು "ಮೇಷ್ಟ್ರೇ, ಹಿಂದೆ ಒಬ್ಬ ಬರ್ತಿದ್ದಾನೆ ನೋಡಿ" ಅಂದರು. ನೋಡುವಷ್ಟರಲ್ಲಿ ಬಿದ್ದಿದ್ದೆ.

ಕೋಲು ನನ್ನ ಮಾತು ಕೇಳಿದ ಮೇಲೆ ಆಸೆ ಜೀಪಿನ ಮೇಲೆ ಹರಿಯಿತು. ಮಡಿಕೇರಿಯ ಮೂಳೆ ಡಾಕ್ಟರು ಕೈ ಹಿಡಿದು, ತಿರುಚಿ, ಒತ್ತಿಸಿ ನೋಡಿ, "ಓಡಿಸಬಹುದು, ನಿಧಾನವಾಗಿ ಶುರು ಮಾಡಿ" ಅಂದರು. ನಾನು ಗೆದ್ದ ಮುಖದಿಂದ ಸುಮಿತ್ರೆಯ ಕಡೆ ನೋಡಿದೆ. ಅವಳು ಔಷಧಿ ಚೀಟಿ ಮಡಚಿ ಚೀಲಕ್ಕೆ ಹಾಕಿದಳು. ಹೊರಗೆ ಬಂದ ಮೇಲೆ, "ಆ ಡಾಕ್ಟ್ರು ನಮ್ಮ ರಸ್ತೆ ನೋಡವ್ರಾ? ಬುಡಿ, ನಾನಿದೀನಲ್ಲ" ಎಂದು ತಾನೇ ಸ್ಟಿಯರಿಂಗ್ ಹಿಡಿದು ಕೂತಳು. ನಾನು ಬಳಸಿ ಹೋಗಿ ಎಡಗಡೆ ಹತ್ತಿದೆ. ಜೀಪು ಓಡಿಸುವುದು ಅಂಥ ದೊಡ್ಡ ವಿಷಯವೇನಲ್ಲ ಎಂದು ನಿಮಗೆ ಅನ್ನಿಸಬಹುದು. ನಿಮ್ಮ ಮನೆ ಬಸ್ ನಿಲ್ಲುವ ಜಾಗದಲ್ಲಿರಬಹುದು. ನಮ್ಮ ಕಡೆ ಸ್ಟಿಯರಿಂಗ್ ಹೋದರೆ ಮನುಷ್ಯ ಸಾಮಾನಿನ ಲೆಕ್ಕಕ್ಕೆ ಬರುತ್ತಾನೆ. ಇನ್ನು ಮುಂದೆ ನಾನು ಯಾರಾದರೂ ಹತ್ತಿಸಿ ಯಾರಾದರೂ ಇಳಿಸಬೇಕಾದವನೋ, ಅಥವಾ ಎಂದಾದರೂ ನಾನೇ ಹೋಗಿ ಬರುವವನೋ ಎನ್ನುವುದಷ್ಟೇ ನನ್ನ ಎದುರಿಗಿದ್ದ ಪ್ರಶ್ನೆ.

ಅವಳು ತಮ್ಮನ ಮಗುವಿನ ನಾಮಕರಣಕ್ಕೆ ಶನಿವಾರಸಂತೆಗೆ ಹೋದ ದಿನ ನಾನು ಉತ್ತರ ಕಂಡುಕೊಳ್ಳಲು ಹೊರಟೆ. ಅವಳು ಬಸ್ಸಿನಲ್ಲಿ ಹೋಗಿದ್ದಳು. ಜೀಪು ಶೆಡ್ಡಿನಲ್ಲಿತ್ತು, ಕೀ ಮೊಳೆಯಲ್ಲಿತ್ತು. ಗೇಟಿನವರೆಗೆ ರಾಜನ ಹಾಗೆ ಹೋದೆ. ಇಳಿಜಾರಿನಲ್ಲಿ ಜೀಪು ತನ್ನ ಹಳೆಯ ಸ್ವಭಾವದಂತೆ ಎಡಕ್ಕೆ ಎಳೆಯಿತು. ನನ್ನ ಕೈ ತನ್ನ ಹೊಸ ಸ್ವಭಾವದಂತೆ ಸೋತಿತು. ಅಷ್ಟು ದಿನ ಆಟೋಪೈಲಟ್ಟಿನಲ್ಲಿದ್ದ ವಿಮಾನವನ್ನು ಹದ ನೋಡದೆ ಥಟ್ಟನೆ ಬಿಟ್ಟರೆ ಏನಾಗುತ್ತದೋ ಅದೇ ಆಯಿತು. ಚರಂಡಿಗೆ ಮುಂದಿನ ಚಕ್ರ ಇಳಿಸಿ, ಲಂಟಾನದ ಬೇಲಿಗೆ ಮುಖ ಕೊಟ್ಟು ನಿಂತೆ. ನನಗೇನೂ ಆಗಲಿಲ್ಲ. ಪೊನ್ನಪ್ಪನವರು ಆಳುಗಳನ್ನು ಕರೆತಂದು ಎತ್ತಿಸಿದರು. "ಲ್ಯಾಂಡಿಂಗ್ ಸ್ವಲ್ಪ ಎಡಕ್ಕಾಯ್ತು" ಅಂದರು. ಸಂಜೆ ಸುಮಿತ್ರೆ ಬಂದವಳು ಬಂಪರಿನಲ್ಲಿ ಸಿಕ್ಕಿದ್ದ ಲಂಟಾನದ ಕಡ್ಡಿಯನ್ನು ನೋಡಿದಳು. ಬೈಯಲಿಲ್ಲ. ಕೀಯನ್ನು ಮೊಳೆಯಿಂದ ತೆಗೆದು ಬಚ್ಚಿಟ್ಟಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಇದಾಗಿ ಕೆಲವು ದಿನಗಳ ಮೇಲೆ, ಬೆಳಿಗ್ಗೆ ನಾನು ಆಕಾಶದಲ್ಲಿದ್ದಾಗ ಅವಳು ಮೇಜು ಒರೆಸಲು ಬಂದಳು. ಅದೇ ಹೊತ್ತಿಗೆ ಕಾಫಿ ಕೊಳ್ಳುವವರ ಫೋನ್ ಬಂತು. ಒಳಗೆ ಸಿಗ್ನಲ್ ಇಲ್ಲ, ಜಗಲಿಗೆ ಹೋಗಬೇಕು. "ಇದನ್ನು ಒಂದು ನಿಮಿಷ ಹಿಡಿದಿರು" ಎಂದು ಕೋಲು ಅವಳ ಕೈಗೆ ಕೊಟ್ಟು ಹೋದೆ. ಆಟವನ್ನು ನಿಲ್ಲಿಸಿ ಹೋಗಬಹುದಿತ್ತು, ಹೊಳೆಯಲಿಲ್ಲ. ವಿಮಾನದ ಟ್ರಿಮ್ಮನ್ನೂ ನಾನಿನ್ನೂ ಸರಿಮಾಡಿರಲಿಲ್ಲ.

ಮಾತು ಮುಗಿಸಿ ಬಂದು ನೋಡಿದರೆ ಸುಮಿತ್ರೆ ಕುರ್ಚಿಯಲ್ಲಿ ಕೂತೂ ಇರಲಿಲ್ಲ. ಬಗ್ಗಿ ನಿಂತು, ಒರೆಸುವ ಬಟ್ಟೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಕೋಲನ್ನು ಎರಡೂ ಕೈಯಿಂದ ಅವುಚಿ ಹಿಡಿದಿದ್ದಳು. ಗೆಣ್ಣುಗಳು ಬಿಳುಚಿದ್ದವು. ಹೆಗಲು ಕಿವಿಯವರೆಗೆ ಏರಿತ್ತು. ಉಸಿರು ಬಿಡುತ್ತಿದ್ದಂತೆ ಕಾಣಲಿಲ್ಲ.

"ಬೇಗ ಬನ್ರೀ, ಇದು ಮೇಲಕ್ಕೇ ಏಳ್ತದೆ! ಬಿದ್ದೋಗ್ತದೆ!"

ವಿಮಾನ ಒಂದು ಕೂದಲೆಳೆಯೂ ಅಲುಗದೆ ಹೋಗುತ್ತಿತ್ತು. ಅಷ್ಟು ಚೆನ್ನಾಗಿ ನಾನು ಒಂದು ದಿನವೂ ಹಾರಿಸಿಲ್ಲ. ಆದರೆ ನಾನು ನೋಡುತ್ತಿದ್ದುದು ವಿಮಾನವನ್ನಲ್ಲ. ಆ ಏರಿದ ಹೆಗಲನ್ನು ಎಲ್ಲೋ ನೋಡಿದ್ದೇನಲ್ಲ ಅನ್ನಿಸಿತು. ಜೀಪಿನಲ್ಲಿ ನೋಡಿದ್ದೆ, ಬಚ್ಚಲ ಬಾಗಿಲಲ್ಲಿ ನೋಡಿದ್ದೆ, ನಾನು ಮೆಟ್ಟಿಲು ಇಳಿಯುವಾಗ ಕೆಳಗೆ ನಿಂತವಳಲ್ಲಿ ನೋಡಿದ್ದೆ. ಅವಳು ಇತ್ತೀಚೆಗೆ ಕುತ್ತಿಗೆಗೆ ಮುಲಾಮು ಹಚ್ಚಿಕೊಳ್ಳುತ್ತಿದ್ದಳು, ಅದರ ವಾಸನೆ ಜಾಸ್ತಿಯಾಯಿತು ಎಂದು ನಾನು ಗೊಣಗುತ್ತಿದ್ದೆ. ನನ್ನ ಕೈಯಿಂದ ಕೋಲು ಕಿತ್ತುಕೊಂಡರು ಎಂದು ನಾನು ಇಷ್ಟು ತಿಂಗಳು ಮುಖ ಊದಿಸಿಕೊಂಡಿದ್ದೆನಲ್ಲ, ಆ ಕೋಲಿನ ಭಾರವೆಲ್ಲ ಎಲ್ಲಿಗೆ ಹೋಯಿತು ಎಂದು ಒಂದು ಸಲವೂ ಯೋಚಿಸಿರಲಿಲ್ಲ. ಇವಳು ಆಟೋಪೈಲಟ್ ಆಗಿರಲಿಲ್ಲ. ಯಂತ್ರಕ್ಕೆ ಕುತ್ತಿಗೆ ನೋಯುವುದಿಲ್ಲ.

ನಾನು ಕೋಲು ವಾಪಸು ಇಸಿದುಕೊಳ್ಳಲಿಲ್ಲ. ಕುರ್ಚಿ ಎಳೆದು ಅವಳನ್ನು ಕೂರಿಸಿದೆ. "ಹಾಗೇ ಹಿಡಿದಿರು. ಬಿಡಬೇಡ. ಈಗ ಹೆಬ್ಬೆರಳಲ್ಲಿ ಈ ಗುಬಟು ಮೆಲ್ಲಗೆ ಮುಂದಕ್ಕೆ ಒತ್ತು" ಎಂದು ಅವಳ ಹೆಬ್ಬೆರಳಿನ ಮೇಲೆ ನನ್ನದನ್ನು ಇಟ್ಟೆ. ಅವಳು ಒತ್ತಿದಳು. ಇನ್ನೊಂದಿಷ್ಟು, ಮತ್ತೊಂದಿಷ್ಟು. ಕೋಲಿನ ಭಾರ ಇಳಿದದ್ದು ಅವಳ ಮುಖದಲ್ಲೇ ಗೊತ್ತಾಯಿತು.

"ಈಗ ಒಂದು ಕೈ ತೆಗಿ."

"ಬೀಳ್ತದೆ."

"ತೆಗೆದು ನೋಡು."

ಒಂದು ಕೈ ತೆಗೆದಳು. ಆಮೇಲೆ ಇನ್ನೊಂದು ಕೈಯ ಬೆರಳನ್ನು ಒಂದೊಂದಾಗಿ ಬಿಡಿಸಿದಳು. ಕೈಯನ್ನು ಕೋಲಿನ ಪಕ್ಕದಲ್ಲೇ, ಮಗು ನಡೆಯಲು ಕಲಿಯುವಾಗ ಹಿಂದೆ ಇಟ್ಟುಕೊಳ್ಳುತ್ತೇವಲ್ಲ ಹಾಗೆ ಇಟ್ಟುಕೊಂಡಳು. ವಿಮಾನ ಮೋಡದ ಮೇಲೆ ತನ್ನಷ್ಟಕ್ಕೆ ಹೋಗುತ್ತಿತ್ತು.

"ಬುಟ್ರೂ ಬೀಳಲ್ವಲ್ರೀ ಇದು!"

ಕೈ ಮಡಿಲಿಗೆ ಬಂತು. ಅವಳು ಕಂಕುಳಿನ ಬಟ್ಟೆ ತೆಗೆದು ಮಡಚಿದಳು. ಆಮೇಲೆ ನನ್ನ ಕಡೆ ತಿರುಗದೆಯೇ ಹೇಳಿದಳು: "ಆವತ್ತು ನೀವು ಬಿದ್ದಾಗ ಒಂದು ಸಲಾನೂ ಕೂಗ್ಲಿಲ್ಲ ಕಣ್ರೀ. ಧಪ್ ಅಂತ ಸದ್ದಾಯ್ತು, ಓಡ್ಬಂದ್ರೆ ಕಣ್ಣು ಮುಚ್ಕಂಡು ಬಿದ್ದಿದ್ರಿ. ಮೈ ಮುಟ್ಟಕ್ಕೂ ಆಗದೆ ನಿಂತ್ಕಂಡಿದ್ದೆ. ಹೋಗೇಬುಟ್ರು ಅಂದ್ಕಂಡಿದ್ದೆ."

ನನಗೆ ಇದು ಗೊತ್ತಿರಲಿಲ್ಲ. ಬಿದ್ದವನಿಗೆ ಬಿದ್ದದ್ದು ಅಷ್ಟಾಗಿ ನೆನಪಿರುವುದಿಲ್ಲ, ಪ್ರಜ್ಞೆ ತಪ್ಪಿರುತ್ತದೆ. ನೋಡಿದವಳಿಗೆ ಆ ಅನುಕೂಲ ಇರಲಿಲ್ಲ. ಏನಾದರೂ ಹೇಳಬೇಕೆಂದು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಟಕಟಕ ಎಂದು ಸದ್ದಾಗಿ ರೆಕ್ಕೆಗೆ ಬೆಂಕಿ ಹತ್ತಿತು. ಸುಮಿತ್ರೆ ಬೆಚ್ಚಿ ಎದ್ದು, "ಯಾರ್ರೀ ಅವ್ನು? ಸುಮ್ನೆ ಹೋಗೋರಿಗೆ ಹೊಡೀತಾನಲ್ಲ, ಅವನ ಮನೆ ಹಾಳಾಗ!" ಎಂದು ಕೂಗಾಡಿದಳು. ಆಮೇಲೆ ಇಬ್ಬರೂ ಬಹಳ ಹೊತ್ತು ನಕ್ಕೆವು. ಅವಳ ಕಣ್ಣಲ್ಲಿ ನೀರಿತ್ತು, ಅದನ್ನು ನಗುವಿನ ಖಾತೆಗೆ ಹಾಕಿದೆವು.

ಅದೇ ವಾರ ಜೀಪನ್ನು ಅಮ್ಮತ್ತಿಯ ಗ್ಯಾರೇಜಿಗೆ ಕೊಟ್ಟೆವು. ಎಡಕ್ಕೆ ಎಳೆಯುವುದನ್ನು ಸರಿಮಾಡಿ ಎಂದಾಗ ಮೆಕ್ಯಾನಿಕ್ ನನ್ನನ್ನು ಸಂಶಯದಿಂದ ನೋಡಿ, "ಯಾಕೆ ಸಾರ್, ಮಾರ್ತೀರಾ?" ಅಂದ. ಮಾರುವುದಕ್ಕಲ್ಲದೆ ಯಾರೂ ಅದನ್ನು ಸರಿಮಾಡಿಸುವುದಿಲ್ಲವಂತೆ. ಚಕ್ರ, ರಾಡು, ಬುಷ್ಷು ಎಲ್ಲ ನೋಡಿ ಸರಿಮಾಡಿಕೊಟ್ಟ. ಜೀಪು ಮೊದಲ ಬಾರಿಗೆ ರಸ್ತೆ ಇದ್ದ ಕಡೆ ಹೋಯಿತು. ಅದಕ್ಕೂ ಆಶ್ಚರ್ಯವಾಗಿರಬೇಕು.

ಕೀ ಒಂದೇ ಸಲ ನನ್ನ ಕೈಗೆ ಬರಲಿಲ್ಲ, ನಾನೂ ಹಾಗೆ ಕೇಳಲಿಲ್ಲ. ಮೊದಲು ತೋಟದೊಳಗಿನ ದಾರಿಯಲ್ಲಿ, ಅವಳು ಪಕ್ಕದಲ್ಲಿ ಕೂತು. ಆಮೇಲೆ ಗೇಟಿನಿಂದ ಪೊನ್ನಪ್ಪನವರ ಮನೆಯವರೆಗೆ, ಆಮೇಲೆ ಅಮ್ಮತ್ತಿ ಪೇಟೆಗೆ. ಅವಳು ಮುಂದಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು, ತನ್ನ ಕಡೆ ಇಲ್ಲದ ಬ್ರೇಕನ್ನು ತುಳಿಯುತ್ತಾ ಬರುತ್ತಿದ್ದಳು. ಎದುರಿಗೆ ಬಸ್ಸು ಬಂದರೆ ಕಣ್ಣು ಮುಚ್ಚುತ್ತಿದ್ದಳು. ನನಗೆ ಮೊದಲಿನ ಹಾಗೆ ಸಿಟ್ಟು ಬರಲಿಲ್ಲ. ಕೈ ಸೋತಿತು ಅನ್ನಿಸಿದರೆ ನಾನೇ ಬದಿಗೆ ನಿಲ್ಲಿಸಿ "ನೀನು ಬಾ" ಅನ್ನುತ್ತಿದ್ದೆ. ಹಾಗೆ ಅಂದಷ್ಟೂ ಅವಳು ಸ್ಟಿಯರಿಂಗಿಗೆ ಬರುವುದು ಕಡಿಮೆಯಾಯಿತು. ಮನೆಯಲ್ಲೂ ಒಂದೊಂದೇ ಗುಂಡಿ, ಒಂದೊಂದೇ ತುತ್ತು ನನ್ನ ಪಾಲಿಗೆ ವಾಪಸು ಬರತೊಡಗಿತು. ಕಿತ್ತಳೆ ನಾನೇ ಸುಲಿದೆ. ನಾರು, ಬೀಜ, ಸ್ವಲ್ಪ ಸಿಪ್ಪೆ ಎಲ್ಲ ಸೇರಿಸಿಯೇ ತಿಂದೆ, ಅವಳಿಗೂ ಕೊಟ್ಟೆ. "ಇದೇನ್ರೀ, ಮೇವಾ?" ಅಂದಳು. ಆದರೂ ತಿಂದಳು.

ಮೊನ್ನೆ ಗೋಣಿಕೊಪ್ಪಲಿಗೆ ಹೋಗಿದ್ದೆವು. ಫಿಸಿಯೋಥೆರಪಿಯವಳು ಇನ್ನು ನೀವು ಬರಬೇಕಾಗಿಲ್ಲ ಎಂದಳು. ಸುಮಿತ್ರೆ ಅವಳಿಗೆ ಮನೆಯ ಜೇನು ಕೊಟ್ಟಳು, ಪೇಟೆಯಲ್ಲಿ ಅದು ಇದು ತೆಗೆದುಕೊಂಡೆವು. ಊಟ ಮುಗಿಸಿ ಹೊರಟಾಗ ಬಿಸಿಲು ಇಳಿಯುತ್ತಿತ್ತು. ಅಮ್ಮತ್ತಿ ಹತ್ತಿರವಾಗುವವರೆಗೂ ಅವಳು ತಮ್ಮನ ಮಗುವಿನ ವಿಷಯ ಹೇಳುತ್ತಿದ್ದಳು. ಯಾವುದೋ ವಾಕ್ಯದ ನಡುವೆ ಮಾತು ನಿಂತಿತು. ಮುಂದೆ ತಿರುವು, ತಿರುವಿನಲ್ಲಿ ಲಾರಿ. ಅವಳು ಏನಾದರೂ ಅನ್ನಬೇಕಿತ್ತು, ಅನ್ನಲಿಲ್ಲ. ತಿರುಗಿ ನೋಡಿದೆ. ತಲೆ ಸೀಟಿನ ಮೂಲೆಗೆ ವಾಲಿತ್ತು, ಬಾಯಿ ಚೂರು ತೆರೆದಿತ್ತು. ಕಂಬಿ ಹಿಡಿದಿರಬೇಕಾದ ಕೈಗಳು ಚೀಲದ ಮೇಲೆ ಅಂಗೈ ಮೇಲಾಗಿ ಬಿದ್ದಿದ್ದವು. ನನ್ನ ಪಕ್ಕದಲ್ಲಿ, ನಾನು ಓಡಿಸುವ ಜೀಪಿನಲ್ಲಿ, ಹಾಡುಹಗಲಲ್ಲಿ ಸುಮಿತ್ರೆ ಗೊರಕೆ ಹೊಡೆಯುತ್ತಿದ್ದಳು. ಬದುಕಿನಲ್ಲಿ ನನಗೆ ಒಂದೆರಡು ಸನ್ಮಾನ ಆಗಿದೆ, ಶಾಲು ಹೊದಿಸಿದ್ದಾರೆ. ಯಾವುದೂ ಇದರ ಹತ್ತಿರ ಬರಲಿಲ್ಲ.

ನಮ್ಮ ಗೇಟು ಬಂತು. ನಿಲ್ಲಿಸಿದರೆ ಎಚ್ಚರವಾಗುತ್ತದೆ. ಎಚ್ಚರವಾದರೆ ಇಳಿದು ಗೇಟು ತೆಗೆಯುತ್ತಾಳೆ, ಹಿಂದಿನಿಂದ ಸಾಮಾನು ಎತ್ತುತ್ತಾಳೆ, ಒಲೆ ಹಚ್ಚುತ್ತಾಳೆ. ಡೀಸೆಲ್ ಮುಳ್ಳನ್ನು ಒಂದು ಸಲ ನೋಡಿದೆ. ಸಿದ್ದಾಪುರದವರೆಗೆ ಹೋಗಿ ಬರುವಷ್ಟಿತ್ತು. ಗೇಟು ದಾಟಿ ಮುಂದಕ್ಕೆ ಬಿಟ್ಟೆ.